ಲಿವರ್ ರೈಫಲ್ಲಿನ ಆಸೆ, ಹಿತ್ತಲಿನ ಗುರಿ

ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ .405 ವಿಂಚೆಸ್ಟರ್ ಎಂಬ ಹೆಸರು ಹೊಸದಲ್ಲ. ಆಂಡರ್ಸನ್ ಬೆಂಗಳೂರಿನವರು. 1954ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲೇ ನಮ್ಮ ಸಾಗರ ತಾಲ್ಲೂಕಿನ ತ್ಯಾಗರ್ತಿಯ ಹುಲಿಗಳ ಕಥೆಯೂ ಇದೆ. ಅವರು ಹೊತ್ತು ತಿರುಗುತ್ತಿದ್ದದ್ದು 1895ರ ಮಾದರಿಯ ವಿಂಚೆಸ್ಟರ್. ಅದು ಲಿವರ್ ಆಕ್ಷನ್ ರೈಫಲ್. ಕುದುರೆ ಸವಾರರ ಇಂಗ್ಲಿಷ್ ಸಿನಿಮಾಗಳಲ್ಲಿ ನಾಯಕ ಕೈ ಅಲ್ಲಾಡಿಸಿ ‘ಚಟಕ್ ಚಟಕ್’ ಅನ್ನಿಸುವುದೂ ಇದೇ ಜಾತಿಯ ಕೋವಿಯನ್ನು.

ಅಂಥದ್ದೊಂದು ಕೊಂಡು ತೋಟದಲ್ಲಿ ಗುರಿ ಹೊಡೆದು ಖುಷಿಪಡಬಹುದೇ? ಮೇಳಿಗೆ, ತೀರ್ಥಹಳ್ಳಿ, ಹೊಸನಗರದ ಕಡೆ ಈ ಆಸೆ ಇರುವವರು ಬೇಕಾದಷ್ಟು ಮಂದಿ. ಆಂಡರ್ಸನ್ನರ ಕೋವಿ ಸಿಗುವುದಿಲ್ಲವೆಂದೇ ತಿಳಿಯಿರಿ. ಆದರೆ ಲಿವರ್ ಎಳೆದು ಹೊಡೆಯುವ, ಪರವಾನಗಿ ಬೇಡದ ಇನ್ನೊಂದು ರೈಫಲ್ ಇದೆ. ಗುರಿಯ ಆಟಕ್ಕೆ ಅದೇ ವಾಸಿ.

ಮೊದಲು ಲಿವರ್ ಆಕ್ಷನ್ ಅಂದರೇನು ನೋಡೋಣ. ಟ್ರಿಗರ್ ಸುತ್ತ ಇರುವ ಲೋಹದ ಬಳೆ ಹಿಂದಕ್ಕೆ ಉದ್ದವಾಗಿ ಬೆಳೆದು ಕೈಬೆರಳು ತೂರುವಷ್ಟು ದೊಡ್ಡದಾಗಿರುತ್ತದೆ. ಅದೇ ಲಿವರ್, ಅಂದರೆ ಸನ್ನೆ. ಕೆಳಗೆ ಮುಂದಕ್ಕೆ ತಳ್ಳಿದರೆ ಹೊಡೆದು ಮುಗಿದ ತೋಟಾದ ಖಾಲಿ ಚಿಪ್ಪು ಹೊರಗೆ ಹಾರುತ್ತದೆ. ಮತ್ತೆ ಮೇಲಕ್ಕೆ ಎಳೆದರೆ ಹೊಸ ತೋಟಾ ನಳಿಗೆಗೆ ಕೂರುತ್ತದೆ. ಹೆಗಲಿನಿಂದ ಇಳಿಸದೆ ಮತ್ತೊಂದು ಈಡು ಹೊಡೆಯಬಹುದು. 1860ರ ಹೆನ್ರಿ, 1873ರ ವಿಂಚೆಸ್ಟರ್ ಹೀಗೇ ಹೆಸರು ಮಾಡಿದವು. ಅವುಗಳಲ್ಲಿ ತೋಟಾಗಳು ನಳಿಗೆಯ ಅಡಿಯ ಕೊಳವೆಯಲ್ಲಿ ಒಂದರ ಹಿಂದೊಂದು ಸಾಲಾಗಿ ಮಲಗುತ್ತವೆ. ಒಂದರ ಮೂತಿ ಇನ್ನೊಂದರ ಬೆನ್ನಿನ ಕೇಪಿಗೆ ತಾಗಿರುತ್ತದೆ. ಚೂಪು ಮೂತಿಯಾದರೆ ಕೊಳವೆಯೊಳಗೇ ಕೇಪು ಸಿಡಿದೀತು. ಹಾಗಾಗಿ ಅವಕ್ಕೆ ಚಪ್ಪಟೆ ಮೂತಿಯ ಗುಂಡೇ ಬೇಕು. ಜಾನ್ ಬ್ರೌನಿಂಗ್ ಎಂಬ ಕಸುಬುಗಾರ 1895ರ ಮಾದರಿಗೆ ಕೊಳವೆ ತೆಗೆದು ಪೆಟ್ಟಿಗೆ ಕೂರಿಸಿದ. ಬಲವಾದ ತೋಟಾ, ಚೂಪು ಗುಂಡು ಎರಡೂ ಸಾಧ್ಯವಾಯಿತು.

ಇನ್ನು ಕಾನೂನು. ನಮ್ಮ ದೇಶದಲ್ಲಿ ತೋಟಾ ಹಾಕುವ ಯಾವ ಕೋವಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ನಮ್ಮ ಜಿಲ್ಲೆಯವರು ಶಿವಮೊಗ್ಗದ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. 21 ವರ್ಷ ತುಂಬಿರಬೇಕು. ಪೊಲೀಸ್ ವರದಿ ಬರಬೇಕು, ಕೋವಿ ಹಿಡಿಯುವ ತರಬೇತಿಯ ಪ್ರಮಾಣಪತ್ರ ಕೊಡಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡು ಕೋವಿಗಿಂತ ಹೆಚ್ಚಿರುವಂತಿಲ್ಲ. ಪರವಾನಗಿಯ ಅವಧಿ ಐದು ವರ್ಷ. ಇಷ್ಟೆಲ್ಲ ದಾಟಿದರೂ ಹೊಸ ಲಿವರ್ ರೈಫಲ್ ಅಂಗಡಿಯಲ್ಲಿ ಇರುವುದಿಲ್ಲ. ಸರ್ಕಾರಿ ಕಾರ್ಖಾನೆಯ .315 ರೈಫಲ್ ಬೋಲ್ಟ್ ಆಕ್ಷನ್ನಿನದು, ಅಂದರೆ ಚಿಲಕ ಎಳೆದು ತಳ್ಳುವಂಥದ್ದು. ವಿದೇಶದಿಂದ ತರಿಸುವ ದಾರಿ ಸಾಮಾನ್ಯರಿಗೆ ಮುಚ್ಚಿದೆ. ಹಳೆಯ ಮನೆತನದ ಕೋವಿ ವಾರಸಿನಿಂದ ಕೈಗೆ ಬಂದರೆ ಬಂತು. ಅದಕ್ಕೂ ನಿಯಮವಿದೆ: ಮಾಲೀಕರು ತೀರಿಕೊಂಡರೆ, ಅಥವಾ ಅವರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ ವಾರಸುದಾರರ ಹೆಸರಿಗೆ ಪರವಾನಗಿ ಕೇಳಬಹುದು. ಹೀಗೆ ಕೋವಿ ಸಿಕ್ಕರೂ ಅದಕ್ಕೆ ತೋಟಾ ಎಲ್ಲಿಂದ ತರುತ್ತೀರಿ?

‘ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇದೆಯಲ್ಲ, ಅದರಲ್ಲೇ ಗುರಿ ಹೊಡೆದರೆ?’ ಬೇಡ. ಆ ಪರವಾನಗಿ ಕೊಟ್ಟದ್ದು ಬೆಳೆ ಕಾಯಲು, ಆಟಕ್ಕಲ್ಲ. ಮದುವೆ, ಹಬ್ಬದ ಸಂಭ್ರಮಕ್ಕೆ ಜನರಿರುವಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ ನಿಜ. ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ, ಸದ್ಯ ಅದು 2029ರವರೆಗೆ. ಶಿವಮೊಗ್ಗ ಜಿಲ್ಲೆಯ ನಮಗೆ ಅದು ಅನ್ವಯಿಸುವುದಿಲ್ಲ.

ಹಾಗಾದರೆ ಉಳಿದದ್ದು ಏರ್ ರೈಫಲ್, ಗಾಳಿಯ ಒತ್ತಡದಿಂದ ಹೊಡೆಯುವ ಕೋವಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಎರಡು ಮಿತಿಗಳಿವೆ. ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್, ಅಂದರೆ .177 ಇಂಚು ಮೀರಬಾರದು. ಮೂತಿಯಲ್ಲಿ ಗುಂಡಿನ ಶಕ್ತಿ 20 ಜೂಲ್ ಮೀರಬಾರದು. ಎರಡೂ ಒಳಗಿದ್ದರೆ ಪರವಾನಗಿ ಬೇಡ. ಒಂದು ಮೀರಿದರೂ ಬೇಕು. .22 ಏರ್ ರೈಫಲ್ ಎಷ್ಟೇ ಮೆತ್ತಗಿದ್ದರೂ ಪರವಾನಗಿ ಕೇಳುವುದು ಅದರ ನಳಿಗೆ ದೊಡ್ಡದೆಂಬ ಕಾರಣಕ್ಕೆ. ಶಕ್ತಿಯ ಅಂದಾಜು ಬೇಕಿದ್ದರೆ, ಆಂಡರ್ಸನ್ನರ .405ರ ಗುಂಡಿನಲ್ಲಿ ಸುಮಾರು 4,300 ಜೂಲ್ ಇತ್ತು. ಈ 20 ಜೂಲ್ ಅದರ ಇನ್ನೂರರಲ್ಲಿ ಒಂದು ಪಾಲೂ ಅಲ್ಲ. ಹಾಗೆಂದು ಆಟಿಕೆ ಅಂದುಕೊಳ್ಳಬೇಡಿ. ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು.

ಲಿವರ್ ಎಲ್ಲಿ ಬಂತು ಎನ್ನುತ್ತೀರಾ? ಸ್ಪ್ರಿಂಗ್ ಏರ್ ರೈಫಲ್ಲಿನಲ್ಲಿ ಲಿವರೇ ಮುಖ್ಯ. ಒಳಗೊಂದು ಗಟ್ಟಿ ಸ್ಪ್ರಿಂಗ್, ಅದರ ಮುಂದೆ ಪಿಸ್ಟನ್, ಅಂದರೆ ಪಂಪಿನೊಳಗೆ ಹಿಂದೆ ಮುಂದೆ ಸರಿಯುವ ಭಾಗ. ಲಿವರ್ ಎಳೆದಾಗ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಅದುಮಿಕೊಂಡು ಕೊಕ್ಕೆಗೆ ಸಿಕ್ಕುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಬಿಡುತ್ತದೆ. ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಹಿಂಡುತ್ತದೆ. ಆ ಗಾಳಿ ಪೆಲೆಟ್ಟನ್ನು, ಅಂದರೆ ನಡು ಸಣ್ಣಗಿರುವ ಸೀಸದ ಚಿಕ್ಕ ಗುಂಡನ್ನು, ಹೊರಗೆ ತಳ್ಳುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬ್ರೇಕ್ ಬ್ಯಾರೆಲ್. ಇಲ್ಲಿ ನಳಿಗೆಯೇ ಲಿವರ್. ಅಡಕತ್ತರಿ ಬಾಯಿ ತೆರೆದ ಹಾಗೆ ರೈಫಲ್ ನಡುವಿಗೆ ಮಡಚಿಕೊಳ್ಳುತ್ತದೆ. ಹಗುರ, ಅಗ್ಗ, ಪೆಲೆಟ್ ತುಂಬುವುದು ಸುಲಭ. ಎರಡನೆಯದು ಅಂಡರ್ ಲಿವರ್. ನಳಿಗೆ ಕದಲುವುದಿಲ್ಲ, ಅದರ ಅಡಿಯಲ್ಲಿ ಬೇರೆಯೇ ಒಂದು ಸನ್ನೆ ಇರುತ್ತದೆ. ಭಾರ ಹೆಚ್ಚು, ಬೆಲೆಯೂ ಹೆಚ್ಚು, ಆದರೆ ನಳಿಗೆ ಅಲ್ಲಾಡದ ಕಾರಣ ಗುರಿ ಕೆಡುವುದು ಕಡಿಮೆ. ಜರ್ಮನಿಯ ವೈಹ್ರೌಕ್ ಎಚ್‌ಡಬ್ಲ್ಯು 97, ಇಂಗ್ಲೆಂಡಿನ ಏರ್ ಆರ್ಮ್ಸ್ ಟಿಎಕ್ಸ್ 200 ಈ ಬಗೆಯವು. ಹೊರದೇಶಗಳಲ್ಲಿ ವಿಂಚೆಸ್ಟರಿನಂತೆಯೇ ಕಾಣುವ, ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ಹೊಡೆಯುವ ವಾಲ್ಥರ್ ಲಿವರ್ ಆಕ್ಷನ್ ಎಂಬುದೂ ಇದೆ. ನೋಡಲು ಚೆಂದ. ಆದರೆ ಅನಿಲದ ಡಬ್ಬಿಗೆ ಪ್ರತಿ ಸಲ ಪೇಟೆ ಹುಡುಕುವ ಕೋವಿ ಹಳ್ಳಿಯಲ್ಲಿರುವವರಿಗೆ ಆಗಿಬರುವುದಿಲ್ಲ. ಶುರು ಮಾಡುವವರಿಗೆ ನನ್ನ ಮತ ಬ್ರೇಕ್ ಬ್ಯಾರೆಲ್ಲಿಗೇ.

ಆರಿಸುವಾಗ ಎಲ್ಲರೂ ಎಡವುವುದು ವೇಗದಲ್ಲಿ. ಡಬ್ಬಿಯ ಮೇಲೆ ‘ಸೆಕೆಂಡಿಗೆ 1000 ಅಡಿ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಲೆಕ್ಕ ಹಾಕಿ ನೋಡಿ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಶಕ್ತಿ. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 250 ಮೀಟರ್ ಹೋದರೆ 15.6 ಜೂಲ್. 283 ಮೀಟರಿಗೆ 20 ಜೂಲ್ ಮುಟ್ಟಿತು. ಸಾವಿರ ಅಡಿ ಅಂದರೆ 305 ಮೀಟರ್, ಶಕ್ತಿ 23 ಜೂಲ್. ಅಂದರೆ ಒಂದೋ ಆ ವೇಗ ತೀರ ಹಗುರ ಪೆಲೆಟ್ಟಿನದು, ಇಲ್ಲವೇ ರೈಫಲ್ ಕಾನೂನಿನ ಆಚೆಗಿದೆ. ಕಾಗದಕ್ಕೆ ತೂತು ಮಾಡಲು ಇಷ್ಟು ವೇಗ ಯಾಕೆ? ಹತ್ತು ಮೀಟರ್ ಗುರಿಗೆ ಹತ್ತು ಜೂಲ್ ಧಾರಾಳ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಎಳೆಯುವ ಕೈ ಸೋಲುತ್ತದೆ, ರೈಫಲ್ ಕುಣಿಯುತ್ತದೆ, ಗುರಿ ಕೆಡುತ್ತದೆ.

ವೇಗದ ಬದಲು ಅಳತೆ ನೋಡಿ. ಮೊಣಕೈಯನ್ನು ಲಂಬ ಕೋನಕ್ಕೆ ಮಡಚಿ. ಸ್ಟಾಕ್, ಅಂದರೆ ಹೆಗಲಿಗೆ ಆನಿಸುವ ಮರದ ಭಾಗದ ತುದಿಯನ್ನು ಆ ಮಡಿಕೆಗೆ ಒತ್ತಿ. ತೋರುಬೆರಳಿನ ಮೊದಲ ಗಿಣ್ಣು ಆರಾಮವಾಗಿ ಟ್ರಿಗರ್ ಮುಟ್ಟಿದರೆ ಉದ್ದ ಸರಿ. ಹತ್ತು ನಿಮಿಷ ಎತ್ತಿ ಹಿಡಿದರೆ ತೋಳು ನಡುಗುವುದೇ? ಭಾರ ಹೆಚ್ಚಾಯಿತು. ಅಂಗಡಿಯಲ್ಲೇ ನಾಲ್ಕೈದು ಸಲ ಲಿವರ್ ಎಳೆದು ನೋಡಿ. ನಾಚಿಕೆ ಬೇಡ, ಹಣ ನಿಮ್ಮದು. ಯಾವ ಕಣ್ಣು ಜೋರು ಎಂದೂ ಪರೀಕ್ಷಿಸಿ. ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ ದೂರದ ವಸ್ತು ನೋಡುತ್ತಾ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲೇ ಉಳಿಯಿತೋ ಆ ಕಡೆಯ ಹೆಗಲು ನಿಮ್ಮದು.

ಬೆಲೆ? ಪ್ರೆಸಿಹೋಲ್, ಎಸ್‌ಡಿಬಿಯಂಥ ದೇಶಿ ಕಂಪನಿಗಳ ರೈಫಲ್ಲುಗಳು ಕೆಲವು ಸಾವಿರದಿಂದ ಶುರುವಾಗುತ್ತವೆ. ಚೆನ್ನಾಗಿರುವುದಕ್ಕೆ ಅದರ ಎರಡು ಪಟ್ಟು ಎತ್ತಿಡಿ. ಪಂದ್ಯಕ್ಕೆ ಬಳಸುವ ವಿದೇಶಿ ರೈಫಲ್ಲುಗಳು ಲಕ್ಷದ ಮಾತು. ಪರವಾನಗಿ ಇರುವ ಕೋವಿ ಅಂಗಡಿಗಳು ಬೆಂಗಳೂರು, ಮೈಸೂರು, ಮಂಗಳೂರಿನಂಥ ಊರುಗಳಲ್ಲಿವೆ. ಗುರುತಿನ ಚೀಟಿ ಒಯ್ಯಿರಿ. ರಸೀದಿಯಲ್ಲಿ ಒಳವ್ಯಾಸ, ಶಕ್ತಿ ಎರಡನ್ನೂ ಬರೆಸಿಕೊಳ್ಳಿ. ದಾರಿಯಲ್ಲಿ ಪೊಲೀಸರು ತಡೆದರೆ ಕೈಗೆ ಬರುವುದು ಅದೇ ಕಾಗದ. ರೈಫಲ್ ಚೀಲದೊಳಗಿರಲಿ.

ಈಗ ಕೈಗೊಗ್ಗಿಸುವ ಕೆಲಸ. ಇದಕ್ಕೆ ಕಸ್ಟಮೈಸ್ ಎನ್ನುತ್ತಾರೆ. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಫಲ ಕೊಡುವ ಬದಲಾವಣೆ ಪೆಲೆಟ್ಟಿನದು. ನಾಲ್ಕೈದು ಬಗೆಯ ಸಣ್ಣ ಡಬ್ಬಿಗಳನ್ನು ತಂದು ಪ್ರತಿಯೊಂದರಲ್ಲೂ ಹತ್ತು ಈಡು, ಬಗೆಗೊಂದು ಕಾಗದಕ್ಕೆ ಹೊಡೆಯಿರಿ. ಯಾವುದರ ತೂತುಗಳು ಒಂದೇ ಕಡೆ ಗುಂಪಾದವೋ ಅದು ನಿಮ್ಮ ನಳಿಗೆಗೆ ಒಪ್ಪಿತು. ಚಪ್ಪಟೆ ತಲೆಯದು ಕಾಗದದಲ್ಲಿ ಅಚ್ಚುಕಟ್ಟಾದ ದುಂಡು ತೂತು ಮಾಡುತ್ತದೆ. ಗುಂಡು ತಲೆಯದು ದೂರಕ್ಕೆ ವಾಸಿ. ಚೂಪು ತಲೆಯದು ನೋಡಲಷ್ಟೇ ಜೋರು.

ಸ್ಟಾಕ್ ಗಿಡ್ಡವಾದರೆ ಹಿಂಬದಿಗೆ ರಬ್ಬರ್ ಪಟ್ಟಿ ಸೇರಿಸಿ. ಉದ್ದವಾದರೆ ಮರದ ಕೆಲಸ ಬಲ್ಲ ಆಚಾರ್ರು ಒಂದು ಅಂಗುಲ ಕೊಯ್ದು ಕೊಡುತ್ತಾರೆ. ಕೊಯ್ದದ್ದು ಮತ್ತೆ ಕೂಡದು, ಎರಡು ಸಲ ಅಳೆಯಿಸಿ. ಗುರಿ ಹಿಡಿಯುವ ಕಡ್ಡಿ-ಕಚ್ಚು ರೈಫಲ್ಲಿನ ಜೊತೆಗೇ ಬರುತ್ತದೆ, ಮೊದಲ ಮಳೆಗಾಲ ಅದರಲ್ಲೇ ಕಳೆಯಿರಿ. ದುರ್ಬೀನು ಬೇಕೇ ಬೇಕೆಂದರೆ ಸ್ಪ್ರಿಂಗ್ ಏರ್ ರೈಫಲ್ಲಿಗೆಂದೇ ಮಾಡಿದ್ದನ್ನು ಕೊಳ್ಳಿ. ಪಿಸ್ಟನ್ ಹೊರಟಾಗ ರೈಫಲ್ ಹಿಂದಕ್ಕೆ, ಕೊನೆ ಮುಟ್ಟಿದಾಗ ಮುಂದಕ್ಕೆ ಒದೆಯುತ್ತದೆ. ಒಂದೇ ಕಡೆಯ ಒದೆತಕ್ಕೆ ಮಾಡಿದ ದುರ್ಬೀನಿನ ಗಾಜು ಇದರಲ್ಲಿ ಸಡಿಲಾಗುತ್ತದೆ. ಇದೇ ಕಾರಣಕ್ಕೆ ರೈಫಲ್ಲನ್ನು ಬಿಗಿಯಾಗಿ ಹಿಡಿಯಬೇಡಿ, ಕಲ್ಲು ಮರದ ಮೇಲೆ ಆನಿಸಬೇಡಿ. ಅಂಗೈ ಮೇಲೆ ಸಡಿಲಾಗಿ ಕೂರಿಸಿ. ಟ್ರಿಗರಿನ ತಿರುಪು ಕೈಪಿಡಿಯಲ್ಲಿ ಹೇಳಿದಷ್ಟೇ ತಿರುಗಲಿ. ಗಟ್ಟಿ ಸ್ಪ್ರಿಂಗ್ ಹಾಕಿಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ. 20 ಜೂಲ್ ದಾಟಿದ ಆ ಕ್ಷಣದಿಂದ ನಿಮ್ಮ ಕೈಯಲ್ಲಿರುವುದು ಪರವಾನಗಿಯಿಲ್ಲದ ಆಯುಧ.

ಪೆಲೆಟ್ ಇಲ್ಲದೆ ಬರಿದೇ ಹೊಡೆಯಬಾರದು. ಎದುರೊತ್ತುವ ಗಾಳಿಯಿಲ್ಲದೆ ಪಿಸ್ಟನ್ ನೇರ ಲೋಹಕ್ಕೆ ಬಡಿಯುತ್ತದೆ. ನಳಿಗೆ ಮಡಚಿರುವಾಗ ಟ್ರಿಗರ್ ಮುಟ್ಟಬಾರದು. ನಳಿಗೆ ಚಟ್ಟನೆ ಮೇಲೆದ್ದು ಬಾಗುತ್ತದೆ, ಬೆರಳಿದ್ದರೆ ಬೆರಳೂ ಹೋಗುತ್ತದೆ. ಅಂಡರ್ ಲಿವರ್ ಆದರೆ ಪೆಲೆಟ್ ತುಂಬುವಷ್ಟು ಹೊತ್ತೂ ಒಂದು ಕೈ ಸನ್ನೆಯ ಮೇಲಿರಲಿ.

ಗುರಿ ಎಲ್ಲಿಡುವುದು? ಮನೆ ಹಿಂದಿನ ಮಣ್ಣಿನ ಧರೆ ಒಳ್ಳೆಯ ತಡೆ. ಜಂಬಿಟ್ಟಿಗೆ ಕಲ್ಲಿನ ಧರೆ ಬೇಡ, ಪೆಲೆಟ್ ಸಿಡಿದು ವಾಪಸು ಬರುತ್ತದೆ. ಧರೆ ಇಲ್ಲದಿದ್ದರೆ ಮರದ ಪೆಟ್ಟಿಗೆಗೆ ಹಳೆ ಬಟ್ಟೆ ಗಿಡಿದು ಮುಂದೆ ಅಡಿಕೆ ಹಾಳೆ ಕಟ್ಟಿ, ಅದರ ಮೇಲೆ ಕಾಗದ ಅಂಟಿಸಿ. ದಾರಕ್ಕೆ ಕಟ್ಟಿದ ಗೆರಟೆ ಮಜವಾದ ಗುರಿ. ಗಾಜಿನ ಬಾಟಲಿ ಬೇಡವೇ ಬೇಡ. ಆ ಚೂರಿನ ಮೇಲೆ ನಾಳೆ ಕೊಯ್ಲಿನವರು ಬರಿಗಾಲಲ್ಲಿ ನಡೆಯುತ್ತಾರೆ. ತಡೆಯಿಲ್ಲದೆ ಮೇಲಕ್ಕೆ ಹಾರಿದ ಪೆಲೆಟ್ ಮುನ್ನೂರು ಮೀಟರ್ ದೂರ ಬಿದ್ದೀತು. ಕನ್ನಡಕ ಹಾಕಿ, ಮುಗಿದ ಮೇಲೆ ಸೀಸದ ಕೈ ತೊಳೆಯಿರಿ, ಮಕ್ಕಳ ಪಕ್ಕದಲ್ಲಿ ಹಿರಿಯರೊಬ್ಬರು ನಿಂತಿರಲಿ.

ಮಂಗ ಓಡಿಸಲು ಬಳಸಬಹುದೇ ಎಂಬುದು ತೋಟದವರ ಮೊದಲ ಪ್ರಶ್ನೆ. ಎಳನೀರು ಹಾಳಾಗುವ ಸಿಟ್ಟು ನನಗೂ ಗೊತ್ತು. ಆದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಗಾಯಗೊಳಿಸುವುದೂ ಬೇಟೆಯೇ. ನವಿಲು, ಮಂಗಟ್ಟೆ, ಕೆಂಜಳಿಲಿಗೆ ಪೆಲೆಟ್ ತಾಗಿಸಿದರೆ ಕೋರ್ಟು ಹತ್ತಬೇಕಾದೀತು. ಪ್ರಾಣಿಗೆ ಗಾಯ ಮಾಡಬಲ್ಲ ಯಾವ ಸಾಧನವೂ ಆ ಕಾಯ್ದೆಯಲ್ಲಿ ಆಯುಧ; ಅನುಮತಿಯಿಲ್ಲದೆ ಅದನ್ನು ಹಿಡಿದು ಅಭಯಾರಣ್ಯದೊಳಗೆ ಹೋಗುವಂತಿಲ್ಲ. ಆಗುಂಬೆಯ ಕೆಳಗೆ ಸೋಮೇಶ್ವರ, ಈ ಕಡೆ ಶೆಟ್ಟಿಹಳ್ಳಿ, ಸಾಗರದ ಕಡೆ ಶರಾವತಿ ಕಣಿವೆ. ಪಿಕ್‌ನಿಕ್ಕಿಗೆ ರೈಫಲ್ ಒಯ್ಯುವ ಮೊದಲು ನಕ್ಷೆ ನೋಡಿ.

ಮಳೆಗಾಲದ ಆರೈಕೆ ಬೇರೆಯೇ. ನಮ್ಮ ತೇವಕ್ಕೆ ಉಕ್ಕು ವಾರದಲ್ಲಿ ಕಂದು ತಿರುಗುತ್ತದೆ. ಚೀಲದೊಳಗಿಟ್ಟರೆ ಇನ್ನೂ ಬೇಗ. ಬೆಚ್ಚಗಿನ ಒಣ ಕೋಣೆಯಲ್ಲಿ, ಬೀಗದೊಳಗೆ, ಸ್ಪ್ರಿಂಗ್ ಅದುಮಿಡದೆ ಇಡಿ. ಹೊಲಿಗೆ ಯಂತ್ರದ ಎಣ್ಣೆ ಸವರಿದ ಬಟ್ಟೆಯಿಂದ ಹೊರಮೈ ಒರೆಸಿ. ತೆಂಗಿನೆಣ್ಣೆ ಅಂಟಾಗುತ್ತದೆ. ಪಿಸ್ಟನ್ನಿನ ಗಾಳಿಗೂಡಿಗೆ ಯಾವ ಎಣ್ಣೆಯನ್ನೂ ಸುಮ್ಮನೆ ಬಿಡಬೇಡಿ. ಹಿಂಡಿದ ಗಾಳಿ ಬಿಸಿಯಾಗಿ ಆ ಎಣ್ಣೆ ಹೊತ್ತಿಕೊಂಡು ಡೀಸೆಲ್ ಎಂಜಿನ್ನಿನ ಹಾಗೆ ಸಿಡಿಯುತ್ತದೆ.

ಹಿತ್ತಲಿನ ಗೆರಟೆ ಸಾಕಾಗಿ ಮುಂದೆ ಹೋಗುವ ಮನಸ್ಸಾದರೆ ಹತ್ತು ಮೀಟರ್ ಏರ್ ರೈಫಲ್ ಪಂದ್ಯವಿದೆ. 75 ನಿಮಿಷದಲ್ಲಿ 60 ಈಡು. ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ಬೆಂಗಳೂರಿನಲ್ಲಿ ಬೆಳೆದ ತಿಲೋತ್ತಮಾ ಸೇನ್ 2023ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಕೋಟಾ ಗಳಿಸಿಕೊಟ್ಟದ್ದೂ ಇದರಲ್ಲೇ. ವಿಚಾರಿಸಬೇಕಾದದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಲ್ಲಿ. ಮಕ್ಕಳು ಕಾಲೇಜಿನಲ್ಲಿದ್ದರೆ ಎನ್‌ಸಿಸಿ ಸೇರಲಿ. ಅಲ್ಲಿ .22 ರೈಫಲ್ ಹಿಡಿಸಿ, ಮಲಗಿಸಿ, ಉಸಿರು ಬಿಗಿಹಿಡಿಯುವುದನ್ನು ಹೇಳಿಕೊಡುತ್ತಾರೆ, ನಿಮ್ಮ ಕಿಸೆಯಿಂದ ತೋಟಾದ ಖರ್ಚೂ ಇಲ್ಲ.