ಚಾಕುವಿನ ಮೇಲೆ ಹೆಸರು ಯಾರದು, ಮಾಡಿದ ಕೈ ಯಾರದು?

ಮಡಿಸಿ ಜೇಬಿನಲ್ಲಿಡುವ ಚಾಕು ಒಂದು ಕಾಲಕ್ಕೆ ಪೆನ್ಸಿಲ್ ಹೆರೆಯಲು, ಹಣ್ಣು ಹೆಚ್ಚಲು, ಹುರಿ ಕತ್ತರಿಸಲು ಬಳಕೆಯಾಗುತ್ತಿದ್ದ ತೀರಾ ಸಾಮಾನ್ಯ ಉಪಕರಣ. ಇಂದು ಅಂಥ ಹಳೆಯ ಚಾಕುಗಳನ್ನು ನಾಣ್ಯ, ಅಂಚೆಚೀಟಿಗಳಂತೆ ಸಂಗ್ರಹಿಸುವವರು ಅಮೆರಿಕ ಮತ್ತು ಯೂರೋಪಿನಲ್ಲಿ ಬಹಳ ಮಂದಿ ಇದ್ದಾರೆ. ನೋಡಲು ಒಂದೇ ತೆರನಾದ ಎರಡು ಚಾಕುಗಳಲ್ಲಿ ಒಂದು ಪುಡಿಗಾಸಿಗೆ ಸಿಗುತ್ತದೆ, ಇನ್ನೊಂದಕ್ಕೆ ತಿಂಗಳ ಸಂಬಳ ಕೊಟ್ಟರೂ ಸಾಲದು. ಈ ಅಂತರಕ್ಕೆ ಕಾರಣ ಎರಡು ಪ್ರಶ್ನೆಗಳು: ಇದನ್ನು ಮಾಡಿದವರು ಯಾರು? ಮಾಡಿದ್ದು ಯಾವಾಗ?

ಮೊದಲ ಪ್ರಶ್ನೆಗೆ ಉತ್ತರ ಚಾಕುವಿನ ಮೇಲೆಯೇ ಬರೆದಿರುತ್ತದಲ್ಲ ಎಂದು ನೀವು ಕೇಳಬಹುದು. ಬರೆದಿರುತ್ತದೆ, ನಿಜ. ಆದರೆ ಬರೆದಿರುವ ಹೆಸರು ಮಾಡಿದವನದೇ ಆಗಿರಬೇಕೆಂದಿಲ್ಲ. ಅದು ಮಾರಿದವನ ಹೆಸರಿರಬಹುದು, ಮಾಡಿಸಿಕೊಂಡವನದಿರಬಹುದು, ಇಲ್ಲವೇ ಯಾರೋ ಕದ್ದು ಒತ್ತಿದ ಹೆಸರೂ ಆಗಿರಬಹುದು. ದೂರದರ್ಶನದ ಮಾತುಕತೆಯಲ್ಲಿ ಸಮಯ ಸಾಲದೆ ಬಿಟ್ಟುಹೋದ ಈ ವಿವರಗಳನ್ನು ವಿದ್ಯಾರ್ಥಿ ಮಿತ್ರರಿಗಾಗಿ ಇಲ್ಲಿ ಕೊಡಲಾಗಿದೆ. ಚಾಕು ಇಲ್ಲಿ ನೆಪ ಮಾತ್ರ. ಕಲಿಯಬೇಕಾದದ್ದು ಸಾಕ್ಷ್ಯವನ್ನು ತೂಗುವ ವಿಧಾನ.

ಮುದ್ರೆಯನ್ನು ಎಲ್ಲಿ ನೋಡಬೇಕು?

ಅಲಗನ್ನು ಪೂರ್ತಿ ಬಿಚ್ಚಿದಾಗ, ಅದು ಹಿಡಿಯೊಳಗೆ ಸೇರುವ ಜಾಗದಲ್ಲಿ ಹರಿತವಿಲ್ಲದ ದಪ್ಪನೆಯ ಬುಡ ಕಾಣುತ್ತದೆ. ತಯಾರಕರ ಮುದ್ರೆ ಇರುವುದು ಸಾಮಾನ್ಯವಾಗಿ ಇಲ್ಲಿಯೇ. ಉಕ್ಕನ್ನು ಕಾಯಿಸಿ ಹದ ಮಾಡಿ ಗಡಸುಗೊಳಿಸುವ ಮೊದಲೇ, ಅದು ಇನ್ನೂ ಮೆದುವಾಗಿರುವಾಗ, ಈ ಅಚ್ಚನ್ನು ಒತ್ತುತ್ತಾರೆ. ಈ ಸಂಗತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನೂರು ವರ್ಷ ಬಳಸಿದ ಚಾಕುವಿನ ಮುದ್ರೆ ಸವೆದು ಅಕ್ಷರಗಳು ಮಾಸಿರುತ್ತವೆ. ಆಗ ದೀಪವನ್ನು ಎದುರಿಗೆ ಹಿಡಿಯದೆ ಪಕ್ಕದಿಂದ, ತೀರಾ ಓರೆಯಾಗಿ ಹಿಡಿಯಿರಿ. ಅಕ್ಷರದ ಒಂದು ಅಂಚು ಹೊಳೆದು ಇನ್ನೊಂದು ಅಂಚಿಗೆ ನೆರಳು ಬಿದ್ದು, ಇಲ್ಲದಂತಿದ್ದ ಬರಹ ಎದ್ದು ಕಾಣುತ್ತದೆ. ಸ್ಟುಡಿಯೊದಲ್ಲಿ ಬಟ್ಟೆಯ ನೇಯ್ಗೆಯನ್ನೋ ಶಿಲ್ಪದ ಕೆತ್ತನೆಯನ್ನೋ ತೋರಿಸಬೇಕಾದಾಗ ನಾವು ಮಾಡುವುದೂ ಇದನ್ನೇ. ಇದರ ಜೊತೆಗೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಇದ್ದರೆ ಸಾಕು. ಉಪ್ಪುಕಾಗದದಿಂದ ತಿಕ್ಕಿ ಹೊಳಪು ಮಾಡಲು ಮಾತ್ರ ಹೋಗಬೇಡಿ. ತುಕ್ಕಿನೊಡನೆ ಸಾಕ್ಷ್ಯವೂ ಅಳಿಸಿಹೋಗುತ್ತದೆ.

ಹೆಸರಿಗೂ ಕಾನೂನು

ಇಂಗ್ಲೆಂಡಿನ ಶೆಫೀಲ್ಡ್ ಚಾಕು-ಕತ್ತರಿಗಳಿಗೆ ಹೆಸರಾದ ಊರು. ಅಲ್ಲಿನ ಕುಶಲಕರ್ಮಿಗಳ ಸಂಘ 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಸ್ಥಾಪನೆಯಾಯಿತು. ಪ್ರತಿಯೊಬ್ಬ ತಯಾರಕನಿಗೂ ಅವನದೇ ಗುರುತನ್ನು ಕೊಟ್ಟು ದಾಖಲೆ ಇಡುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಜೋಸೆಫ್ ರಾಜರ್ಸ್ ಸಂಸ್ಥೆಯ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಗುರುತು, ಜಾರ್ಜ್ ವೊಸ್ಟನ್‌ಹೋಮ್ ಸಂಸ್ಥೆಯ 'ಐ ಎಕ್ಸ್ ಎಲ್' ಗುರುತು ಲೋಕಪ್ರಸಿದ್ಧವಾದವು. ಈ ಮೂರು ಅಕ್ಷರಗಳನ್ನು ಒಟ್ಟಿಗೆ ಓದಿದರೆ ಇಂಗ್ಲಿಷಿನಲ್ಲಿ 'ನಾನು ಮಿಗಿಲು' ಎಂಬ ಅರ್ಥ ಬರುತ್ತದೆ.

ಹೆಸರು ಬೆಳೆದಂತೆ ಅದನ್ನು ಕದಿಯುವವರೂ ಬೆಳೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಝೋಲಿಂಗನ್ ಊರಿನ ಅಗ್ಗದ ಸರಕಿನ ಮೇಲೆ ಶೆಫೀಲ್ಡಿನ ಹೆಸರನ್ನು ಒತ್ತಿ ಮಾರುವುದು ದೊಡ್ಡ ತಕರಾರಾಯಿತು. 1887ರಲ್ಲಿ ಬ್ರಿಟನ್ ಇದರ ವಿರುದ್ಧ ಕಾಯಿದೆ ಮಾಡಿತು. 'ಜರ್ಮನಿಯಲ್ಲಿ ತಯಾರಾದದ್ದು' ಎಂಬ ಬರಹ ಹುಟ್ಟಿದ್ದು ಹೀಗೆ. ಗಿರಾಕಿಯನ್ನು ಎಚ್ಚರಿಸಲು ಬಂದ ಆ ಮಾತೇ ಕಾಲಕ್ರಮದಲ್ಲಿ ಉತ್ತಮ ಗುಣಮಟ್ಟದ ಗುರುತಾದದ್ದು ಇತಿಹಾಸದ ತಮಾಷೆ. ಕಡೆಗೆ ಝೋಲಿಂಗನ್ನಿನ ಹೆಸರನ್ನೇ ಬೇರೆಯವರು ಕದಿಯತೊಡಗಿ, 1938ರಲ್ಲಿ ಆ ಹೆಸರಿಗೂ ಕಾನೂನಿನ ರಕ್ಷಣೆ ಕೊಡಬೇಕಾಯಿತು.

ಅಮೆರಿಕ 1890ರಲ್ಲಿ ಸುಂಕದ ಕಾಯಿದೆಯೊಂದನ್ನು ತಂದು, ಹೊರಗಿನಿಂದ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ವಿಧಿಸಿತು. ಆದ್ದರಿಂದ ಅಮೆರಿಕದಲ್ಲಿ ಸಿಕ್ಕ ಹಳೆಯ ಚಾಕುವಿನ ಬುಡದಲ್ಲಿ 'ಇಂಗ್ಲೆಂಡ್' ಅಥವಾ 'ಜರ್ಮನಿ' ಎಂದಿದ್ದರೆ ಅದು ಬಹುಮಟ್ಟಿಗೆ 1891ರ ಈಚಿನದು. ಹಾಗಾದರೆ ದೇಶದ ಹೆಸರು ಇಲ್ಲದಿದ್ದರೆ ಅದಕ್ಕಿಂತ ಹಿಂದಿನದೆ? ಅವಸರಪಡಬೇಡಿ. ಶೆಫೀಲ್ಡಿನವರು ತಮ್ಮ ಊರಿನ ಪೇಟೆಗೆಂದೇ ಮಾಡಿದ ಚಾಕುವಿಗೆ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಇರುವುದು ಒಂದು ಸಾಕ್ಷ್ಯ. ಇಲ್ಲದಿರುವುದು ಅಷ್ಟೇ ತೂಕದ ಸಾಕ್ಷ್ಯವಲ್ಲ.

ಸ್ವಿಸ್ ಚಾಕು ಮೊದಲು ಸ್ವಿಸ್ ಆಗಿರಲಿಲ್ಲ!

ಎಲ್ಲರಿಗೂ ಗೊತ್ತಿರುವ ಸ್ವಿಸ್ ಸೈನ್ಯದ ಚಾಕುವನ್ನೇ ತೆಗೆದುಕೊಳ್ಳಿ. ಬಂದೂಕು ಬಿಚ್ಚಲು ತಿರುಪುಳಿ, ಡಬ್ಬಿ ತೆರೆಯುವ ಸಾಧನ, ರಂಧ್ರ ಕೊರೆಯುವ ಮೊನೆ, ಒಂದು ಅಲಗು, ಈ ನಾಲ್ಕೂ ಇರುವ ಚಾಕು ತನ್ನ ಸೈನಿಕರಿಗೆ ಬೇಕೆಂದು ಆ ದೇಶದ ಸೈನ್ಯ ನಿರ್ಧರಿಸಿತು. ಇದಕ್ಕೆ '1890ರ ಮಾದರಿ' ಎಂದು ಹೆಸರು. ಆದರೆ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಮಾಡಿಕೊಡಬಲ್ಲ ಕಾರ್ಖಾನೆ ಆಗ ಸ್ವಿಟ್ಸರ್ಲೆಂಡಿನಲ್ಲಿ ಇರಲಿಲ್ಲ. ಹಾಗಾಗಿ ಮೊದಲ 15,000 ಚಾಕುಗಳನ್ನು ಮಾಡಿಕೊಟ್ಟದ್ದು ಝೋಲಿಂಗನ್ನಿನ ವೆಸ್ಟರ್ ಅಂಡ್ ಕಂಪನಿ. ಕಾರ್ಲ್ ಎಲ್ಸನರ್ ಎಂಬ ಸ್ವಿಸ್ ಕುಶಲಕರ್ಮಿ 1891ರಲ್ಲಿ ಈ ಕೆಲಸವನ್ನು ತನ್ನ ದೇಶಕ್ಕೆ ತಂದ. ಕಪ್ಪು ಮರದ ಹಿಡಿಯ ಅಂಥ ಚಾಕು ಸಿಕ್ಕಾಗ ಬಲ್ಲವರು ಮೊದಲು ಹುಡುಕುವುದು ಜರ್ಮನ್ ಹೆಸರನ್ನು. ಅದು ಕಂಡರೆ ನಕಲಿ ಎಂದು ಬಿಸಾಡುವುದಿಲ್ಲ, ಬೆಲೆ ಹೆಚ್ಚಿಸುತ್ತಾರೆ.

ಎಲ್ಸನರನ ತಾಯಿಯ ಹೆಸರು ವಿಕ್ಟೋರಿಯಾ. 1909ರಲ್ಲಿ ಆಕೆ ತೀರಿಕೊಂಡ ಮೇಲೆ ಆ ಹೆಸರನ್ನೇ ಸಂಸ್ಥೆಗೆ ಇಡಲಾಯಿತು. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದಾಗ ಅದರ ಫ್ರೆಂಚ್ ಹೆಸರಿನ ಮೊದಲ ಭಾಗವಾದ 'ಇನಾಕ್ಸ್' ಸೇರಿ 'ವಿಕ್ಟೋರಿನಾಕ್ಸ್' ಆಯಿತು. ಅಲಗಿನ ಮೇಲೆ ಈ ಪೂರ್ಣ ಹೆಸರಿದ್ದರೆ ಆ ಚಾಕು 1921ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ಇದೇ ಸೈನ್ಯಕ್ಕೆ ವೆಂಗರ್ ಎಂಬ ಇನ್ನೊಂದು ಸಂಸ್ಥೆಯೂ ಚಾಕು ಒದಗಿಸುತ್ತಿತ್ತು. ಎರಡೂ ಸಂಸ್ಥೆಗಳ ಕೆಂಪು ಹಿಡಿಯ ಚಾಕುಗಳ ಮೇಲೆ ಬಿಳಿಯ ಶಿಲುಬೆ ಇರುತ್ತದೆ. ಶಿಲುಬೆಯ ಸುತ್ತ ಗುರಾಣಿಯ ಆಕಾರ ಇದ್ದರೆ ವಿಕ್ಟೋರಿನಾಕ್ಸ್, ಮೂಲೆ ಸವರಿದ ಚೌಕ ಇದ್ದರೆ ವೆಂಗರ್. 2005ರಲ್ಲಿ ಮೊದಲನೆಯದು ಎರಡನೆಯದನ್ನು ಕೊಂಡುಕೊಂಡಿತು.

ಹೆಸರು ಅದೇ, ಕಾರ್ಖಾನೆ ಬೇರೆ

ಅಮೆರಿಕದ ಬಂದೂಕು ತಯಾರಕ ರೆಮಿಂಗ್ಟನ್ ಸಂಸ್ಥೆ ಒಂದನೆಯ ಮಹಾಯುದ್ಧ ಮುಗಿದ ಮೇಲೆ, 1920ರಿಂದ ಜೇಬುಚಾಕುಗಳನ್ನು ಮಾಡತೊಡಗಿತು. ಹಿಡಿಯಲ್ಲಿ ಬಂದೂಕಿನ ತೋಟೆಯ ಆಕಾರದ ಲೋಹದ ತುಣುಕನ್ನು ಕೂರಿಸಿದ ಅದರ 'ಬುಲೆಟ್' ಚಾಕುಗಳಿಗೆ ಸಂಗ್ರಹಕಾರರಲ್ಲಿ ಎಲ್ಲಿಲ್ಲದ ಬೇಡಿಕೆ. 1940ರಲ್ಲಿ ಸಂಸ್ಥೆ ತನ್ನ ಚಾಕು ವ್ಯವಹಾರವನ್ನು ಮಾರಿಬಿಟ್ಟಿತು. 1982ರಲ್ಲಿ ಅದೇ ಹೆಸರಿನಲ್ಲಿ, ಅದೇ ಆಕಾರದಲ್ಲಿ 'ಬುಲೆಟ್' ಮತ್ತೆ ಪೇಟೆಗೆ ಬಂತು. ಈ ಸಲ ಅದನ್ನು ಮಾಡಿಕೊಟ್ಟದ್ದು ನ್ಯೂಯಾರ್ಕ್ ರಾಜ್ಯದ ಕಮಿಲಸ್ ಕಾರ್ಖಾನೆ. ಹೀಗೆ ಬೇರೆಯವರ ಹೆಸರಿನಲ್ಲಿ ಚಾಕು ಮಾಡಿಕೊಡುವುದು ಕಮಿಲಸ್‌ಗೆ ಹೊಸತೇನಲ್ಲ. ಇದರಲ್ಲಿ ಮೋಸವೂ ಇಲ್ಲ. 1982ರ ಚಾಕುವನ್ನು 1922ರದೆಂದು ಮಾರಿದರೆ ಮಾತ್ರ ಅದು ಮೋಸ.

ಎರಡನ್ನೂ ಬೇರ್ಪಡಿಸುವುದು ಹೇಗೆ? ಇಲ್ಲಿ ರಸಾಯನಶಾಸ್ತ್ರ ನೆರವಿಗೆ ಬರುತ್ತದೆ. ಹಳೆಯ ಬುಲೆಟ್‌ಗಳ ಹಿಡಿ ಮೂಳೆಯದು. ಮರುತಯಾರಿಯ ಮೊದಲ ಚಾಕುಗಳಿಗೆ ಹಾಕಿದ್ದು ಡೆಲ್ರಿನ್ ಎಂಬ ಪ್ಲಾಸ್ಟಿಕ್. ಡೆಲ್ರಿನ್ ಮಾರುಕಟ್ಟೆಗೆ ಬಂದದ್ದೇ 1960ರ ಸುಮಾರಿಗೆ. ಹಿಡಿ ಮೊದಲಿನದೇ ಆಗಿದ್ದು ಅದು ಡೆಲ್ರಿನ್ ಆಗಿದ್ದರೆ, ಮುದ್ರೆ ಏನನ್ನೇ ಹೇಳಲಿ, ಆ ಚಾಕು 1922ರದಲ್ಲ.

ವಸ್ತು ಹೇಳುವ ಸಾಕ್ಷ್ಯ

ಈ ತರ್ಕ ಬಲು ಉಪಯುಕ್ತ. ಒಂದು ವಸ್ತುವಿನ ಎಲ್ಲ ಭಾಗಗಳೂ ಮೂಲದವೇ ಆಗಿದ್ದರೆ, ಅವುಗಳಲ್ಲಿ ಅತ್ಯಂತ ಈಚಿನದು ಯಾವುದೋ ಅದಕ್ಕಿಂತ ಹಿಂದೆ ಆ ವಸ್ತು ತಯಾರಾಗಿರಲು ಸಾಧ್ಯವಿಲ್ಲ. ಕೆಲವು ಉದಾಹರಣೆಗಳು:

ಉಕ್ಕು: ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಕರಗಿಸಿ ತೆಗೆದದ್ದು 1913ರಲ್ಲಿ. ಅಂಥ ಅಲಗಿನ ಚಾಕುವನ್ನು ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಯಾರಾದರೂ ಹೇಳಿದರೆ ನಂಬಬೇಡಿ. ರಾಣಿ ತೀರಿಕೊಂಡದ್ದು 1901ರಲ್ಲಿ.

ಮೂಳೆ: ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳೂ ಗೆರೆಗಳೂ ಕಾಣುತ್ತವೆ. ಪ್ರಾಣಿ ಬದುಕಿದ್ದಾಗ ರಕ್ತನಾಳಗಳು ಹಾದುಹೋಗುತ್ತಿದ್ದ ಕೊಳವೆಗಳಿವು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕಿನಲ್ಲಿ ಇವು ಇರುವುದಿಲ್ಲ. ದಂತದಲ್ಲಿಯೂ ಇರುವುದಿಲ್ಲ, ಆನೆದಂತವನ್ನು ಅಡ್ಡಕೊಯ್ದಾಗ ಒಂದನ್ನೊಂದು ಹಾಯುವ ವಕ್ರರೇಖೆಗಳು ಕಾಣುತ್ತವೆ.

ಸೆಲ್ಯುಲಾಯ್ಡ್: ಹಳೆಯ ಸಿನಿಮಾ ರೀಲಿನ ವಸ್ತುವೇ ಇದು. ಬೆಚ್ಚಗಾದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಇದನ್ನು ಮಾಡಲು ಕರ್ಪೂರ ಬೇಕು. ವಯಸ್ಸಾದಂತೆ ಇದು ಒಡೆದು ಆಮ್ಲದ ಅನಿಲ ಬಿಡುತ್ತದೆ, ಪಕ್ಕದ ಅಲಗಿಗೆ ತುಕ್ಕು ಹಿಡಿಸುತ್ತದೆ. ಬೇಗ ಬೆಂಕಿ ಹತ್ತುವ ವಸ್ತುವಾದ್ದರಿಂದ ಕಾದ ಸೂಜಿ ಚುಚ್ಚಿ ಪರೀಕ್ಷಿಸುವ ಸಾಹಸ ಬೇಡ.

'ನಿಕ್ಕಲ್ ಬೆಳ್ಳಿ': ಹಿಡಿಯ ತುದಿಗೆ ಹಾಕುವ ಬಿಳಿಯ ಲೋಹ. ಬೆಳ್ಳಗಿರುವುದೆಲ್ಲ ಹಾಲಲ್ಲ. ಇದರಲ್ಲಿ ತಾಮ್ರ, ಸತು, ನಿಕ್ಕಲ್ ಉಂಟು. ಬೆಳ್ಳಿ ಲವಲೇಶವೂ ಇಲ್ಲ.

ಚುಕ್ಕೆಯ ಲೆಕ್ಕ

ಕೆಲವು ತಯಾರಕರು ವರ್ಷವನ್ನೇ ಗುಟ್ಟಾಗಿ ಬರೆದಿಡುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಕೇಸ್ ಸಂಸ್ಥೆ 1970ರಲ್ಲಿ ಮುದ್ರೆಯ ಜೊತೆ ಹತ್ತು ಚುಕ್ಕೆಗಳನ್ನಿಟ್ಟು, ವರ್ಷಕ್ಕೊಂದರಂತೆ ತೆಗೆಯುತ್ತ ಬಂತು. 1979ಕ್ಕೆ ಉಳಿದದ್ದು ಒಂದೇ ಚುಕ್ಕೆ. 1980ರಲ್ಲಿ ಮತ್ತೆ ಹತ್ತರಿಂದ ಆರಂಭ. ಆದರೆ ಈ ಸಲ ಇಂಗ್ಲಿಷ್ 'ಎಸ್' ಅಕ್ಷರಕ್ಕೆ ಮಿಂಚಿನಂಥ ಚೂಪು ಆಕಾರ ಕೊಟ್ಟರು. ಏಳು ಚುಕ್ಕೆ ಇದ್ದು 'ಎಸ್' ಸಾಮಾನ್ಯವಾಗಿದ್ದರೆ ಯಾವ ವರ್ಷ? ಮಿಂಚಿನ 'ಎಸ್' ಇದ್ದರೆ ಯಾವ ವರ್ಷ? ಲೆಕ್ಕ ಹಾಕಿ ನೋಡಿ. ಉತ್ತರ ಕ್ರಮವಾಗಿ 1973 ಮತ್ತು 1983.

ಇದೇ ಸಂಸ್ಥೆಯ ಮಾದರಿ ಸಂಖ್ಯೆಗಳೂ ಮಾತಾಡುತ್ತವೆ. 6254 ಎಂದರೆ, ಮೊದಲ ಅಂಕಿ 6 ಸಾಮಾನ್ಯವಾಗಿ ಮೂಳೆಯ ಹಿಡಿ, 2 ಎಂದರೆ ಎರಡು ಅಲಗು, 54 ಆಕಾರದ ಸಂಖ್ಯೆ. ಈ ಸಂಖ್ಯೆಯ ಚಾಕುವಿಗೆ ಮೂರು ಅಲಗುಗಳಿದ್ದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಕಳ್ಳಮುದ್ರೆ ಸಿಕ್ಕಿಬೀಳುವುದು ಹೇಗೆ?

ಅಚ್ಚನ್ನು ಉಕ್ಕು ಮೆದುವಾಗಿರುವಾಗ ಒತ್ತುತ್ತಾರೆ ಎಂದೆವಲ್ಲ. ಗಡಸಾದ ಹಳೆಯ ಅಲಗಿನ ಮೇಲೆ ಹೊಸ ಹೆಸರು ಒತ್ತುವುದು ಕಷ್ಟ. ಆದ್ದರಿಂದ ವಂಚಕರು ಆಮ್ಲದಿಂದ ಕೊರೆಯುತ್ತಾರೆ, ಇಲ್ಲವೇ ಸಣ್ಣ ಯಂತ್ರದಿಂದ ಕೆತ್ತುತ್ತಾರೆ. ಅಂಥ ಅಕ್ಷರಗಳು ಆಳವಿಲ್ಲದೆ, ಅಂಚು ಒರಟಾಗಿ ಕಾಣುತ್ತವೆ. ಇನ್ನೊಂದು ಸುಳಿವು ಬಣ್ಣದ್ದು. ಹಳೆಯ ಉಕ್ಕಿನ ಮೇಲೆ ಕಾಲ ಕಳೆದಂತೆ ಬೂದುಗಪ್ಪು ಪೊರೆ ಕಟ್ಟುತ್ತದೆ. ನಿಜವಾದ ಮುದ್ರೆಯಲ್ಲಿ ಆ ಪೊರೆ ಅಕ್ಷರದ ಒಳಗೂ ಇಳಿದಿರುತ್ತದೆ. ಕಳ್ಳಮುದ್ರೆಯಲ್ಲಿ ಅಕ್ಷರವೇ ಪೊರೆಯನ್ನು ಸೀಳಿರುತ್ತದೆ.

ಅಸಲಿ ಅಲಗನ್ನು ಬೇರೆ ಹಿಡಿಗೆ ಜೋಡಿಸುವುದೂ ಉಂಟು. ಆಗ ರಿವೆಟ್ಟಿನ ತಲೆ ಹೊಸದಾಗಿರುತ್ತದೆ, ಅಲಗು ಸ್ಪ್ರಿಂಗಿಗೆ ಸರಿಯಾಗಿ ಕೂರುವುದಿಲ್ಲ. ಅಲಗು ಅರ್ಧ ಸವೆದು ಮುದ್ರೆ ಮಾತ್ರ ನಿನ್ನೆ ಒತ್ತಿದಂತಿದ್ದರೂ ಅನುಮಾನಿಸಬೇಕು. ಒಂದೇ ಗುರುತನ್ನು ನೆಚ್ಚಿ ತೀರ್ಪು ಕೊಡಬಾರದು. ಮುದ್ರೆ, ಉಕ್ಕು, ಹಿಡಿ, ರಿವೆಟ್ಟು, ಆಕಾರ, ಹಳೆಯ ಬೆಲೆಪಟ್ಟಿಯ ಚಿತ್ರ ಇವೆಲ್ಲ ಒಂದೇ ಮಾತು ಹೇಳಿದರೆ ಆಗ ಒಪ್ಪಬಹುದು.

ಹೆಸರಿಲ್ಲದ ಕೈಗಳು

ಇಷ್ಟೆಲ್ಲ ಮಾಡಿ ಕಾರ್ಖಾನೆಯ ಹೆಸರು ಪತ್ತೆಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಶೆಫೀಲ್ಡಿನಲ್ಲಿ 'ಲಿಟ್ಲ್ ಮೆಸ್ಟರ್' ಎಂದು ಕರೆಸಿಕೊಳ್ಳುತ್ತಿದ್ದ ಸಣ್ಣ ಕಸುಬುದಾರರು ಬಾಡಿಗೆಯ ಮೂಲೆಯೊಂದರಲ್ಲಿ ಕುಳಿತು ದೊಡ್ಡ ಸಂಸ್ಥೆಗಳಿಗೆ ಕೆಲಸ ಮಾಡಿಕೊಡುತ್ತಿದ್ದರು. ಒಬ್ಬ ಬಡಿಯುವವನು, ಇನ್ನೊಬ್ಬ ಸಾಣೆ ಹಿಡಿಯುವವನು, ಮತ್ತೊಬ್ಬ ಹಿಡಿ ಕೂರಿಸುವವನು. ಮುದ್ರೆ ಮಾತ್ರ ಸಂಸ್ಥೆಯದು. ಮರಳುಗಲ್ಲಿನ ಸಾಣೆಯಿಂದ ಏಳುತ್ತಿದ್ದ ದೂಳು ಶ್ವಾಸಕೋಶ ಸೇರಿ, ಸಾಣೆಯವರಲ್ಲಿ ಅನೇಕರು ಚಿಕ್ಕ ವಯಸ್ಸಿನಲ್ಲೇ ಸತ್ತರು. ನೀರು ಹಾಕದೆ ಒಣಸಾಣೆ ಹಿಡಿಯುತ್ತಿದ್ದವರ ಪಾಡು ಎಲ್ಲರಿಗಿಂತ ಹೀನ. ಹತ್ತೊಂಬತ್ತನೆಯ ಶತಮಾನದ ವೈದ್ಯರು ಈ ರೋಗವನ್ನು ವಿವರವಾಗಿ ದಾಖಲಿಸಿದ್ದಾರೆ. ಲಕ್ಷಾಂತರ ಅಲಗುಗಳಿಗೆ ಹರಿತ ಕೊಟ್ಟ ಅವರ ಹೆಸರು ಒಂದರ ಮೇಲೂ ಇಲ್ಲ.

ಆದ್ದರಿಂದ ತಯಾರಕನನ್ನು ಗುರುತಿಸುವುದು ಬೆಲೆ ಕಟ್ಟುವ ಕೆಲಸ ಮಾತ್ರವಲ್ಲ. ಮಾಡಿದವರಿಗೆ ಸಲ್ಲಬೇಕಾದ ಹೆಸರನ್ನು ಆದಷ್ಟು ಮಟ್ಟಿಗೆ ಸಲ್ಲಿಸುವ ಕೆಲಸವೂ ಹೌದು.

ನೀವೇ ಮಾಡಿ ನೋಡಿ

ಇದಕ್ಕೆ ಚಾಕುವೇ ಬೇಕೆಂದಿಲ್ಲ. ಮನೆಯಲ್ಲಿರುವ ಹಳೆಯ ಕೈಗಡಿಯಾರ, ಬೀಗ, ಹೊಲಿಗೆ ಯಂತ್ರ, ಪೆನ್ನು, ತಕ್ಕಡಿ ಬಟ್ಟು, ಯಾವುದಾದರೂ ಆದೀತು. ಹಿರಿಯರನ್ನು ಕೇಳಿ ಎತ್ತಿಕೊಳ್ಳಿ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಕಣ್ಣಿಗೆ ಕಂಡದ್ದು, ಎರಡನೆಯದರಲ್ಲಿ ಅದರಿಂದ ಖಚಿತವಾಗಿ ತಿಳಿಯುವುದು, ಮೂರನೆಯದರಲ್ಲಿ ಬರಿಯ ಊಹೆ. ಬರೆದಾದ ಮೇಲೆ ಎರಡನೆಯ ಕಾಲಂ ಅನ್ನು ಗೆಳೆಯರೊಬ್ಬರಿಗೆ ಕೊಟ್ಟು, ಪ್ರತಿ ಸಾಲಿಗೂ 'ಹೇಗೆ ಗೊತ್ತು?' ಎಂದು ಕೇಳಲು ಹೇಳಿ. ಉತ್ತರ ಹೊಳೆಯದ ಸಾಲುಗಳನ್ನು ಸಂಕೋಚವಿಲ್ಲದೆ ಮೂರನೆಯ ಕಾಲಂಗೆ ದಾಟಿಸಿ. ಉಳಿದಷ್ಟು ನಿಮ್ಮ ಸಾಕ್ಷ್ಯ.