ಹಾಲು ಬಿಡಿಸಿದ ಹಂದಿಮರಿಗೆ ಭೇದಿ ಯಾಕೆ?

ಫಾರ್ಮ್‌ಗಳಲ್ಲಿ 3-4 ವಾರಕ್ಕೇ ಹಂದಿಮರಿಗೆ ತಾಯಿಹಾಲು ಬಿಡಿಸ್ತಾರೆ. ಆಮೇಲೆ ಎಷ್ಟೋ ಮರಿಗಳಿಗೆ ಭೇದಿ, ಕೆಲವು ಸತ್ತೂ ಹೋಗುತ್ತವೆ. ಯಾಕೆ?

ಒಂದು ಕಾರಣ ಸಣ್ಣ ಕರುಳಿನ ಒಳಪದರದಲ್ಲಿದೆ. ಅಲ್ಲಿ ಪುಟ್ಟ ಬೆರಳುಗಳಂಥ ವಿಲ್ಲೈಗಳಿವೆ. ಬುಡದಲ್ಲಿ ಹುಟ್ಟಿದ ಜೀವಕೋಶ ಕೆಲವೇ ದಿನಗಳಲ್ಲಿ ತುದಿಗೇರಿ ಉದುರುತ್ತೆ. ಬುಡದಲ್ಲಿ ಅದು ಹೆಚ್ಚಾಗಿ ಗ್ಲೂಕೋಸ್ ಒಡೆದು ಶಕ್ತಿ ಪಡೆಯುತ್ತೆ. ಮೇಲೇರಿ ಬಲಿತಂತೆ ಅದರೊಳಗಿನ ಮೈಟೋಕಾಂಡ್ರಿಯಾ ಚುರುಕಾಗುತ್ತವೆ. ಗ್ಲುಟಮಿನ್, ಗ್ಲುಟಮೇಟ್‌ನಂಥ ಅಮೈನೋ ಆಮ್ಲಗಳು ಮುಖ್ಯ ಇಂಧನವಾಗುತ್ತವೆ. ಇವನ್ನು ಅದು ಕರುಳಿಗೆ ಬಂದ ಆಹಾರದಿಂದಲೂ ನೇರವಾಗಿ ತಗೊಳ್ಳುತ್ತೆ.

ಹಾಲು ನಿಂತು, ಹೊಸ ಮೇವು ಒಗ್ಗದೆ ಮರಿ ಉಪವಾಸ ಇದ್ದರೆ ಈ ಕೋಶಗಳಿಗೂ ಉಪವಾಸ. ವಿಲ್ಲೈ ಗಿಡ್ಡವಾಗುತ್ತವೆ, ಆಮೇಲೆ ತಿಂದದ್ದೂ ಸರಿಯಾಗಿ ಜೀರ್ಣವಾಗಲ್ಲ.

ಹಾಗಾಗಿ ಹಾಲು ಬಿಡಿಸಿದ ದಿನ ಮೊದಲು ನೋಡಬೇಕಾದ್ದು ಇಷ್ಟೇ: ಮರಿ ಮೇವು ತಿಂತಾ?