ಮೂರು ಡಬ್ಲ್ಯು ಹಾಕದಿದ್ದರೆ ಸೈಟ್ ತೆರೆಯಲ್ಲ ಯಾಕೆ? ಬರೀ ಡೊಮೇನ್‌ನ ಡಿಎನ್‌ಎಸ್ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ನೋಡೋಕೆ ಚಿಕ್ಕದು. ಆದರೆ ಸ್ವಂತ ವೆಬ್‌ಸೈಟ್ ಇಟ್ಟುಕೊಂಡಿರುವ ಅಂಗಡಿ, ಶಾಲೆ, ಸಂಘ, ಯಾರಿಗೆ ಬೇಕಾದರೂ ಬರಬಹುದಾದ ತೊಂದರೆ ಇದು. ಹೆಸರಿನ ಮುಂದೆ ಮೂರು ಡಬ್ಲ್ಯು ಹಾಕಿದರೆ ಸೈಟ್ ತೆರೆಯುತ್ತೆ, ಬರೀ ಹೆಸರು ಕೊಟ್ಟರೆ ತೆರೆಯಲ್ಲ. ಯಾಕೆ ಹೀಗಾಗುತ್ತೆ, ಸರಿ ಮಾಡೋದು ಹೇಗೆ ಅಂತ ನೋಡೋಣ.

ಒಂದು ಉದಾಹರಣೆ ಇಟ್ಟುಕೊಂಡು ಹೇಳ್ತೀನಿ. ಮಾಲೂರು ತಾಲ್ಲೂಕಿನ ಮಾಸ್ತಿಯಲ್ಲಿ ನನ್ನ ಪರಿಚಯದವರೊಬ್ಬರು ತರಕಾರಿ ನಾರಿನ ನರ್ಸರಿ ನಡೆಸ್ತಾರೆ. ಟೊಮೆಟೊ, ಕ್ಯಾಪ್ಸಿಕಂ, ಹೂಕೋಸು. ಯಾವ ನಾರು ಯಾವತ್ತು ನಾಟಿಗೆ ಸಿದ್ಧ ಅನ್ನೋ ಪಟ್ಟಿ ಅವರ ಸೈಟ್‌ನಲ್ಲಿರುತ್ತೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ರೈತರು ಅದನ್ನು ನೋಡಿಕೊಂಡು ಗಾಡಿ ಮಾಡಿಕೊಂಡು ಬರ್ತಾರೆ. ಹೊಸ ಬೋರ್ಡ್ ಹಾಕಿಸಿದ ಮೇಲೆ ಅವರಿಗೆ ಫೋನ್ ಶುರುವಾಯಿತು: "ಏನಣ್ಣಾ, ನರ್ಸರಿ ಮುಚ್ಚಿಬಿಟ್ರಾ? ಸೈಟೇ ಬರ್ತಾ ಇಲ್ಲ." ಇವರು ತಮ್ಮ ಫೋನ್‌ನಲ್ಲಿ ನೋಡಿದರೆ ಸೈಟ್ ಸೊಗಸಾಗಿ ತೆರೆಯುತ್ತೆ.

ಇವರು ತೆರೆಯುತ್ತಿದ್ದದ್ದು ವಾಟ್ಸಾಪ್‌ನಲ್ಲಿದ್ದ ಹಳೇ ಲಿಂಕ್‌ನಿಂದ. ಅದರಲ್ಲಿ ಮೂರು ಡಬ್ಲ್ಯು ಇತ್ತು. ಬೋರ್ಡ್ ಮೇಲೆ ಇದ್ದದ್ದು ಬರೀ ಹೆಸರು. ಕ್ರೋಮ್ ಬ್ರೌಸರ್ ವಿಳಾಸಪಟ್ಟಿಯಲ್ಲಿ ಮೂರು ಡಬ್ಲ್ಯುವನ್ನು ಕಾಣಿಸದೆ ಮುಚ್ಚಿಡುತ್ತೆ. ಹಾಗಾಗಿ ಎರಡಕ್ಕೂ ವ್ಯತ್ಯಾಸ ಇದೆ ಅಂತ ಅವರಿಗೆ ಗೊತ್ತಾಗೋ ಹಾಗೇ ಇರಲಿಲ್ಲ.

ಎರಡೂ ಒಂದೇ ಹೆಸರಲ್ಲ

ನಮ್ಮ ಕಣ್ಣಿಗೆ ಎರಡೂ ಒಂದೇ. ಡಿಎನ್‌ಎಸ್‌ಗೆ ಅವು ಬೇರೆ ಬೇರೆ ಹೆಸರು. ಡಿಎನ್‌ಎಸ್ ಅಂದರೆ ಹೆಸರು ಕೊಟ್ಟರೆ ಸರ್ವರ್‌ನ ಐಪಿ ವಿಳಾಸ ಹೇಳುವ ವ್ಯವಸ್ಥೆ. ಮೊದಲೆಲ್ಲ ಒಂದು ಸಂಸ್ಥೆಯೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ ಇರ್ತಿತ್ತು. ಮೇಲ್ ಯಂತ್ರಕ್ಕೆ ಮೇಲ್ ಅಂತ, ವೆಬ್ ಯಂತ್ರಕ್ಕೆ ಮೂರು ಡಬ್ಲ್ಯು ಅಂತ ಹೆಸರು. ಆ ರೂಢಿ ಉಳಿದುಕೊಂಡಿದೆ. ಮೂರು ಡಬ್ಲ್ಯು ಹೆಸರಿಗೆ ದಾಖಲೆ ಹಾಕಿದ ಮಾತ್ರಕ್ಕೆ ಬರೀ ಹೆಸರಿಗೂ ಅದು ತಾನಾಗಿ ಬರಲ್ಲ. ನರ್ಸರಿಯ ವಿಷಯದಲ್ಲಿ ಆಗಿದ್ದೂ ಇಷ್ಟೇ, ಬರೀ ಹೆಸರಿಗೆ ವಿಳಾಸವನ್ನೇ ಕೊಟ್ಟಿರಲಿಲ್ಲ.

ಸಿನೇಮ್ ಯಾಕೆ ಹಾಕಬಾರದು

ಸೈಟ್ ಮಾಡಿಕೊಟ್ಟವರು ಫೋನ್‌ನಲ್ಲಿ ಹೇಳಿದ್ದು, "ಬರೀ ಹೆಸರಿಗೂ ಒಂದು ಸಿನೇಮ್ ಹಾಕಿಬಿಡಿ" ಅಂತ. ಇಲ್ಲಿ ಹುಷಾರಾಗಿರಬೇಕು.

ಸಿನೇಮ್ ದಾಖಲೆ ಅಂದರೆ "ಈ ಹೆಸರಿನ ಬಗ್ಗೆ ಏನೇ ಕೇಳೋದಿದ್ದರೂ ಆ ಇನ್ನೊಂದು ಹೆಸರನ್ನು ಕೇಳಿ" ಅಂತ ಬರೆದಿಟ್ಟ ಹಾಗೆ. ಮೂರು ಡಬ್ಲ್ಯುಗೆ ಇದು ಅನುಕೂಲ. ಹೋಸ್ಟಿಂಗ್‌ನವರು ಸರ್ವರ್ ಬದಲಾಯಿಸಿದರೂ ನಾವು ಏನೂ ಮುಟ್ಟಬೇಕಿಲ್ಲ. ಆದರೆ 1987ರಿಂದ ಡಿಎನ್‌ಎಸ್‌ನ ಮೂಲ ನಿಯಮ ಇದು: ಸಿನೇಮ್ ಇರುವ ಹೆಸರಲ್ಲಿ ಬೇರೆ ದಾಖಲೆ ಇರುವಂತಿಲ್ಲ. ಬರೀ ಹೆಸರಲ್ಲಿ ಎನ್‌ಎಸ್, ಎಸ್‌ಒಎ ಅನ್ನೋ ಎರಡು ದಾಖಲೆ ಇರಲೇಬೇಕು, ಅವಿಲ್ಲದೆ ಡೊಮೇನೇ ನಡೆಯಲ್ಲ. ಹಾಗಾಗಿ ಅಲ್ಲಿ ಸಿನೇಮ್‌ಗೆ ಜಾಗವೇ ಇಲ್ಲ.

ಬಹಳಷ್ಟು ಪ್ಯಾನೆಲ್‌ಗಳು ಇದನ್ನು ಒಪ್ಪಿಕೊಳ್ಳೋದೇ ಇಲ್ಲ. ಒಪ್ಪಿಕೊಂಡರೆ ಇನ್ನೂ ಕಷ್ಟ. ನರ್ಸರಿಯ ಇಮೇಲ್ ಅದೇ ಬರೀ ಹೆಸರಲ್ಲಿದೆ, ಬೀಜದ ಕಂಪನಿಗಳ ಬಿಲ್ಲು, ಬುಕಿಂಗ್ ಎಲ್ಲ ಅಲ್ಲಿಗೇ ಬರೋದು. ಮೇಲ್ ಎಲ್ಲಿಗೆ ತಲುಪಿಸಬೇಕು ಅಂತ ಹೇಳೋದು ಎಂಎಕ್ಸ್ ದಾಖಲೆ. ಸಿನೇಮ್ ಬಂದರೆ ಎಂಎಕ್ಸ್ ಪ್ರಶ್ನೆಯೂ ಆ ಇನ್ನೊಂದು ಹೆಸರಿಗೆ ಹೋಗಬಹುದು. ಸೈಟ್ ತೆರೆಯುತ್ತೆ, ಮೇಲ್ ನಿಂತುಹೋಗುತ್ತೆ. ಸೈಟ್ ನಿಂತರೆ ಯಾರಾದರೂ ಫೋನ್ ಮಾಡಿ ಹೇಳ್ತಾರೆ. ಮೇಲ್ ನಿಂತರೆ ಗೊತ್ತಾಗೋದು ವಾರ ಕಳೆದ ಮೇಲೆ.

ಹಾಗಾದರೆ ಏನು ಹಾಕಬೇಕು

ಎರಡು ದಾರಿ ಇದೆ. ಒಂದು, ಎ ದಾಖಲೆ. ಬರೀ ಹೆಸರಿಗೆ ನೇರವಾಗಿ ಐಪಿ ವಿಳಾಸ ಕೊಡೋದು. ಪ್ಯಾನೆಲ್‌ನಲ್ಲಿ ಹೆಸರಿನ ಜಾಗದಲ್ಲಿ @ ಅಂತ ಹಾಕಿದರೆ ಬರೀ ಹೆಸರು ಅಂತ ಅರ್ಥ. ಗಿಟ್‌ಹಬ್ ಪೇಜಸ್ ಥರದ ಸೇವೆಗಳು ಇದಕ್ಕೆಂದೇ ವಿಳಾಸಗಳನ್ನು ಪ್ರಕಟಿಸಿವೆ. ಗಿಟ್‌ಹಬ್‌ದು 185.199.108.153ರಿಂದ 185.199.111.153ರವರೆಗೆ, ಮೂರನೇ ಅಂಕಿ ಮಾತ್ರ ಬದಲಾಗುವ ನಾಲ್ಕು ವಿಳಾಸ. ನಾಲ್ಕನ್ನೂ ಹಾಕಬೇಕು. ಎರಡು, ಕೆಲವು ಡಿಎನ್‌ಎಸ್ ಕಂಪನಿಗಳು ಕೊಡುವ ಅಲಿಯಾಸ್ ಅಥವಾ ಸಿನೇಮ್ ಫ್ಲಾಟನಿಂಗ್. ನಾವು ಹೆಸರು ಕೊಡ್ತೀವಿ, ಅವರು ಒಳಗೇ ಅದರ ಐಪಿ ಹುಡುಕಿ ಎ ದಾಖಲೆಯಾಗಿ ಉತ್ತರ ಕೊಡ್ತಾರೆ. ನಿಯಮ ಮುರಿಯಲ್ಲ, ಮೇಲ್ ಕೆಡಲ್ಲ.

ಹಳೇ ದಾಖಲೆ ಉಳಿದಿದೆಯಾ ಅಂತಲೂ ನೋಡಿ, ಅದರಲ್ಲೂ ಐಪಿವಿ6 ವಿಳಾಸದ ಕ್ವಾಡ್-ಎ ದಾಖಲೆ. ಜಿಯೊ ಥರದ ಮೊಬೈಲ್ ಜಾಲಗಳಲ್ಲಿ ಐಪಿವಿ6 ಬಳಕೆ ಹೆಚ್ಚು. ಹಳೇ ಕ್ವಾಡ್-ಎ ಹಳೇ ಸರ್ವರ್ ಕಡೆ ತೋರಿಸ್ತಿದ್ದರೆ, ಐಪಿವಿ4 ಮಾತ್ರ ಇರುವ ಆಫೀಸಿನ ವೈಫೈನಲ್ಲಿ ಹೊಸ ಸೈಟ್, ಹೊಲದಲ್ಲಿ ನಿಂತವರ ಫೋನ್‌ನಲ್ಲಿ ಹಳೇ ಸೈಟ್ ಕಾಣುತ್ತೆ.

ಡಿಎನ್‌ಎಸ್ ದಾರಿ ತಿರುಗಿಸಲ್ಲ

ತುಂಬಾ ಜನ ಗೊಂದಲ ಮಾಡಿಕೊಳ್ಳೋದು ಇಲ್ಲಿ. ಡಿಎನ್‌ಎಸ್ ವಿಳಾಸ ಹೇಳುತ್ತೆ, ಅಷ್ಟೇ. "ಇಲ್ಲಲ್ಲ, ಅಲ್ಲಿಗೆ ಹೋಗಿ" ಅಂತ ರೀಡೈರೆಕ್ಟ್ ಮಾಡೋದು ವೆಬ್ ಸರ್ವರ್ ಕೆಲಸ. ಎರಡು ಹೆಸರಲ್ಲಿ ಒಂದನ್ನು ಮುಖ್ಯ ಅಂತ ಆರಿಸಿಕೊಂಡು, ಇನ್ನೊಂದನ್ನು ಅದರ ಕಡೆಗೆ ಕಳಿಸಬೇಕು. ವಿಕಿಪೀಡಿಯ ಬರೀ ಹೆಸರಿನಿಂದ ಮೂರು ಡಬ್ಲ್ಯುಗೆ ಕಳಿಸುತ್ತೆ, ಗಿಟ್‌ಹಬ್ ಮೂರು ಡಬ್ಲ್ಯುನಿಂದ ಬರೀ ಹೆಸರಿಗೆ. ಯಾವುದಾದರೂ ಸರಿ, ಒಂದೇ ದಿಕ್ಕಲ್ಲಿ ಇರಲಿ. ಹೋಸ್ಟಿಂಗ್‌ನಲ್ಲಿ ಒಂದು ಕಡೆಗೆ, ಡಿಎನ್‌ಎಸ್ ಕಂಪನಿಯಲ್ಲಿ ಇನ್ನೊಂದು ಕಡೆಗೆ ಹಾಕಿದರೆ ಬ್ರೌಸರ್ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಕೈಚೆಲ್ಲುತ್ತೆ.

ರೀಡೈರೆಕ್ಟ್‌ನಲ್ಲಿ 301 ಅಂದರೆ ಶಾಶ್ವತ, 302 ಅಂದರೆ ತಾತ್ಕಾಲಿಕ. 301ನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತೆ. ಅದಕ್ಕೇ ಮೊದಲು 302 ಹಾಕಿ ಪರೀಕ್ಷೆ ಮಾಡಿ, ಸರಿ ಅಂತ ಕಂಡ ಮೇಲೆ 301 ಮಾಡೋದು ಒಳ್ಳೇದು. ನಾರಿನ ಪಟ್ಟಿಯ ಪುಟ ಕೇಳಿದವರು ಆ ಪುಟಕ್ಕೇ ಹೋಗಬೇಕು, ಮುಖಪುಟಕ್ಕಲ್ಲ.

ಇನ್ನೊಂದು, ಎಚ್‌ಟಿಟಿಪಿಎಸ್‌ನಲ್ಲಿ ಬ್ರೌಸರ್ ಮೊದಲು ಸರ್ಟಿಫಿಕೇಟ್ ನೋಡುತ್ತೆ, ಆಮೇಲೆ ರೀಡೈರೆಕ್ಟ್. ಬರೀ ಹೆಸರು ಸರ್ಟಿಫಿಕೇಟ್‌ನಲ್ಲಿ ಇಲ್ಲದಿದ್ದರೆ "ಸುರಕ್ಷಿತವಲ್ಲ" ಅನ್ನೋ ಎಚ್ಚರಿಕೆ ಬಂದು ಜನ ಅಲ್ಲಿಂದಲೇ ವಾಪಸ್. ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುವ ಸರ್ಟಿಫಿಕೇಟ್‌ನಲ್ಲಿ ಎರಡೂ ಹೆಸರು ಸೇರಿಸಬಹುದು. ಡೊಮೇನ್ ಮಾರುವವರ ಉಚಿತ ಫಾರ್ವರ್ಡಿಂಗ್ ಬಳಸೋದಾದರೆ, ಅದರಲ್ಲಿ ಎಚ್‌ಟಿಟಿಪಿಎಸ್ ಇದೆಯಾ, ಪುಟದ ವಿಳಾಸ ಉಳಿಯುತ್ತಾ ಅಂತ ಕೇಳಿಕೊಳ್ಳಿ.

ಮುಟ್ಟುವ ಮುಂಚೆ, ಮುಟ್ಟಿದ ಮೇಲೆ

ಈಗಿರುವ ದಾಖಲೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಟಿಟಿಎಲ್ ಅಂತ ಒಂದು ಅಂಕಿ ಇರುತ್ತೆ, ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬೇಕು ಅಂತ. 86400 ಇದ್ದರೆ ಪೂರ್ತಿ ಒಂದು ದಿನ. ಬದಲಾವಣೆಯ ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಿದರೆ, ಏನಾದರೂ ಕೆಟ್ಟರೂ ಐದು ನಿಮಿಷದ ಆಸುಪಾಸಿನಲ್ಲಿ ಹಿಂದಕ್ಕೆ ತರಬಹುದು.

ಆಮೇಲೆ ನಾಲ್ಕು ಥರ ಪರೀಕ್ಷೆ ಮಾಡಿ: ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್, ಎರಡರಲ್ಲೂ ಬರೀ ಹೆಸರು, ಮೂರು ಡಬ್ಲ್ಯು ಹೆಸರು. ನಾಲ್ಕೂ ಒಂದೇ ವಿಳಾಸಕ್ಕೆ ಬಂದು ನಿಲ್ಲಬೇಕು. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲೂ ನೋಡಿ. ಹೊರಗಿನ ಖಾತೆಯಿಂದ ಒಂದು ಮೇಲ್ ಕಳಿಸಿ, ಬಂತಾ ನೋಡಿ.

ಕನ್ನಡದ ಹೆಸರಿಗೆ ಇನ್ನೂ ಮುಖ್ಯ

ಡಾಟ್ ಇನ್ ನಡೆಸುವ ನಿಕ್ಸಿ ಸಂಸ್ಥೆಯೇ ಕನ್ನಡ ಲಿಪಿಯಲ್ಲಿ '.ಭಾರತ' ಡೊಮೇನ್ ಕೊಡುತ್ತೆ. ಒಳಗಡೆ ಆ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳ ಒಂದು ಸಂಕೇತವಾಗಿ ಬದಲಾಗುತ್ತೆ, ದಾಖಲೆಗಳ ನಿಯಮ ಮಾತ್ರ ಅದೇ. ಕನ್ನಡ ಕೀಲಿಮಣೆಯಲ್ಲಿ ಹೆಸರು ಬರೆಯುವವರು ಮೂರು ಡಬ್ಲ್ಯುಗೋಸ್ಕರ ಇಂಗ್ಲಿಷ್‌ಗೆ ಹೋಗಿ ಮತ್ತೆ ಕನ್ನಡಕ್ಕೆ ಬರ್ತಾರಾ? ಅವರು ಕೊಡೋದು ಬರೀ ಹೆಸರನ್ನೇ. ಮಾತಲ್ಲೂ ಹಾಗೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅಂತ ನಾವು ಪ್ರತಿಸಲ ಪೂರ್ತಿ ಹೇಳ್ತೀವಾ? ಮಾಸ್ತಿ ಅಂದರೆ ಸಾಕು. ಜನ ಚಿಕ್ಕದಾಗಿ ಕರೆದಾಗಲೂ ಸೈಟ್ ಓಗೊಡಬೇಕು.

ಬೋರ್ಡ್, ಬಿಲ್ ಪುಸ್ತಕ, ಮದುವೆ ಹಾಲ್‌ನ ಕಾರ್ಡು, ಎಲ್ಲಿಯಾದರೂ ನಿಮ್ಮ ಸೈಟ್ ಹೆಸರು ಅಚ್ಚು ಹಾಕಿಸಿದ್ದರೆ, ಅದು ಹೇಗಿದೆಯೋ ಹಾಗೇ ಬೇರೆಯವರ ಫೋನ್‌ನಲ್ಲಿ ಒಂದು ಸಲ ಟೈಪ್ ಮಾಡಿಸಿ ನೋಡಿ.